ಜೊಂಡಿನ ಬತ್ತಿ, ಕೊಬ್ಬಿನ ಬೆಳಕು

ದೀಪದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಅರಮನೆಗಳ ತೂಗುದೀಪಗಳಿಂದಲೋ ದೇವಾಲಯ ಇಗರ್ಜಿಗಳ ನಂದಾದೀಪಗಳಿಂದಲೋ ಆರಂಭಿಸುತ್ತಾರೆ. ಲೆಕ್ಕಪತ್ರಗಳಲ್ಲಿ, ಚಿತ್ರಪಟಗಳಲ್ಲಿ, ದಾನಶಾಸನಗಳಲ್ಲಿ ಉಳಿದುಬಂದಿರುವುದು ಆ ಬೆಳಕೇ ಆದಕಾರಣ ಇದು ಸಹಜವೂ ಹೌದು. ಆದರೆ ಮಾರ್ಗಶಿರದ ಹೊತ್ತಿಗೆ ಸೂರ್ಯನು ಸಂಜೆ ನಾಲ್ಕು ಗಂಟೆಯಾಗುವ ಮೊದಲೇ ಕಣ್ಮರೆಯಾಗುವ ಇಂಗ್ಲೆಂಡಿನಂಥ ಶೀತದೇಶದಲ್ಲಿ, ಕೂಲಿಯವನ ಗುಡಿಸಿಲಿನಲ್ಲಿ ನೂಲುವ ಕೈಗೆ, ಹೊಲಿಯುವ ಕೈಗೆ, ಅಕ್ಷರ ಕಲಿಯುವ ಕಣ್ಣಿಗೆ ಬೆಳಕು ಎಲ್ಲಿಂದ ಬರುತ್ತಿದ್ದಿತೆಂದು ವಿಚಾರಿಸಹೊರಟರೆ, ನಮಗೆ ದೊರೆಯುವ ಉತ್ತರ ಅರಮನೆಯ ಕಡೆಯದಲ್ಲ. ಅದು ಒಲೆಯ ಮೇಲಿನ ಮಡಕೆಯಲ್ಲಿ ಮಾಂಸ ಬೇಯುವಾಗ ತೇಲಿದ ಜಿಡ್ಡಿನಿಂದ, ಹಳ್ಳದ ದಡದಲ್ಲಿ ಯಾರೂ ಬಿತ್ತದೆ ಬೆಳೆದ ಜೊಂಡಿನಿಂದ, ಇವೆರಡನ್ನೂ ಒಂದುಗೂಡಿಸಲು ಬಲ್ಲ ಹೆಂಗಸೊಬ್ಬಳ ಕೈಯಿಂದ ಬರುತ್ತಿದ್ದಿತು. ಒಂದು ಸಂಸಾರದ ಸಂಜೆ ಎಷ್ಟು ಹೊತ್ತಿನದೆಂಬುದನ್ನು ನಿರ್ಣಯಿಸುತ್ತಿದ್ದುದು ಆ ವರ್ಷ ಆ ಮನೆಯಲ್ಲಿ ಉಳಿತಾಯವಾದ ಕೊಬ್ಬು. ಈ ಸಾಮಾನ್ಯ ಸಂಗತಿಗೆ ಇತಿಹಾಸದಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂಬುದು ನನ್ನ ಭಾವನೆ.

ಹರಳು, ಹೊಂಗೆ, ಹಿಪ್ಪೆ, ಎಳ್ಳು, ತೆಂಗುಗಳಿಂದ ಎಣ್ಣೆ ತೆಗೆದು ಹಣತೆಗೆರೆದು ಬಂದ ನಮ್ಮ ನಾಡಿನವರಿಗೆ, ಕುರಿ ದನಗಳ ನೆಣದಿಂದ ದೀಪ ಹೊತ್ತಿಸುವುದೆಂದರೆ ಮನಸ್ಸು ಹಿಂಜರಿಯುವುದು ಸ್ವಾಭಾವಿಕ. ಆಲಿವ್ ಮರ ಬೆಳೆಯದ, ನಮ್ಮಂತೆ ಹಿತ್ತಿಲಿನಲ್ಲೇ ಎಣ್ಣೆಕಾಳು ಬಿಡದ ಉತ್ತರದ ರೈತನಿಗೆ ಮಾತ್ರ ಆಯ್ಕೆಗೆ ಹೆಚ್ಚು ಅವಕಾಶವಿರಲಿಲ್ಲ. ಜೇನುಮೇಣದ ಬತ್ತಿ ಅತ್ಯಂತ ಶ್ರೇಷ್ಠವಾದುದೆಂಬುದನ್ನು ಅವನೂ ಬಲ್ಲನು. ಅದು ಇಗರ್ಜಿಗೆ, ಶ್ರೀಮಂತರ ಭೋಜನಶಾಲೆಗೆ ಮೀಸಲು. ಲಂಡನ್ನಿನಲ್ಲಿ ಈ ಎರಡು ಬತ್ತಿಗಳ ಕಸುಬುದಾರರು ಬೇರೆ ಬೇರೆ ಶ್ರೇಣಿಗಳಾಗಿಯೇ ಸಂಘಟಿತರಾಗಿದ್ದರು: ಕೊಬ್ಬಿನ ಬತ್ತಿಯವರಿಗೆ 1462ರಲ್ಲಿ ನಾಲ್ವಡಿ ಎಡ್ವರ್ಡ್ ದೊರೆಯಿಂದ ಸನ್ನದು ದೊರೆಯಿತು, ಮೇಣದ ಬತ್ತಿಯವರಿಗೆ 1484ರಲ್ಲಿ ಮೂರನೆಯ ರಿಚರ್ಡ್ ದೊರೆಯಿಂದ. ಊರಿನಲ್ಲಿ ಕೊಬ್ಬು ಕರಗಿಸುವ ಅಂಗಳದ ಸುತ್ತ ಹಬ್ಬುತ್ತಿದ್ದ ದುರ್ವಾಸನೆಯ ನಡುವೆ ಆ ಶ್ರೇಣಿಯವರು ಹಣವಂತರಾದರು, ಗೌರವವಂತರೂ ಆದರು. ಅವರ ಚರಿತ್ರೆ ದಾಖಲೆಗಳಲ್ಲಿ ಭದ್ರವಾಗಿದೆ. ಮನೆಯಲ್ಲಿಯೇ ಬೆಳಕು ಮಾಡಿಕೊಂಡವರದ್ದು ಹಾಗಲ್ಲ.

ಮೊದಲು ಕೊಬ್ಬಿನ ವಿಷಯ. ಎಲ್ಲ ಪ್ರಾಣಿಗಳ ಕೊಬ್ಬೂ ದೀಪಕ್ಕೆ ಒಂದೇ ಸಮನಾಗಿ ಒದಗುವುದಿಲ್ಲ. ಕುರಿಯ ಕೊಬ್ಬು ಎಲ್ಲಕ್ಕಿಂತ ಗಟ್ಟಿ. ದನದ್ದು ಅದರ ಅನಂತರದ್ದು. ಹಂದಿಯದು ಮೃದುವಾಗಿ, ಬತ್ತಿಯನ್ನು ನೆಟ್ಟಗೆ ನಿಲ್ಲಗೊಡದೆ, ಉರಿಯುವಾಗ ದಟ್ಟವಾದ ಹೊಗೆಯನ್ನೂ ಕಮಟನ್ನೂ ಬಿಡುವಂಥದು. ಆದ್ದರಿಂದ ಬಲ್ಲ ಕಸುಬುದಾರರು ಕುರಿಯದನ್ನೂ ದನದ್ದನ್ನೂ ಬೆರೆಸಿ, ಹಂದಿಯದನ್ನು ದೂರವಿಡುತ್ತಿದ್ದರು. ದೇಹದ ಕೊಬ್ಬಿನಲ್ಲಿಯೂ ಮೂತ್ರಪಿಂಡಗಳ ಸುತ್ತ ಕವಿದಿರುವ ಬಿಳಿಯ ಗಟ್ಟಿ ಭಾಗವೇ ಉತ್ತಮ. ಚಳಿಗಾಲದಲ್ಲಿ ದನಕರುಗಳಿಗೆ ಮೇವು ಸಾಲದಾದ್ದರಿಂದ ನವೆಂಬರ್ 11ರ ಸಂತ ಮಾರ್ಟಿನ್ನನ ಹಬ್ಬದ ಆಸುಪಾಸಿನಲ್ಲಿ ಅನೇಕ ಪಶುಗಳನ್ನು ಕಡಿದು ಮಾಂಸಕ್ಕೆ ಉಪ್ಪು ಹಾಕಿಡುವುದು ವಾಡಿಕೆ. ಕೊಬ್ಬು ಹೇರಳವಾಗಿ ಕೈಸೇರುತ್ತಿದ್ದುದೂ ಆಗಲೇ, ಹಗಲು ಕುಗ್ಗಿ ದೀಪ ಬೇಕಾಗುತ್ತಿದ್ದುದೂ ಆಗಲೇ.

ಹೀಗೆ ದೊರೆತ ಕೊಬ್ಬನ್ನು ಹಾಗೆಯೇ ಬಳಸಿದರೆ ಅದರಲ್ಲಿನ ನರ, ಪೊರೆ, ರಕ್ತದ ಅಂಶಗಳು ಕೊಳೆತು ನಾರುತ್ತವೆ, ಉರಿಯುವಾಗ ಚಟಚಟ ಸಿಡಿಯುತ್ತವೆ. ಆದಕಾರಣ ಅದನ್ನು ಸಣ್ಣಗೆ ಕೊಚ್ಚಿ, ಮುಳುಗುವಷ್ಟು ನೀರು ಹಾಕಿ, ಸಣ್ಣ ಉರಿಯ ಮೇಲೆ ಬಹಳ ಹೊತ್ತು ಇಡುತ್ತಿದ್ದರು. ಉರಿ ಜೋರಾದರೆ ಕೊಬ್ಬು ಸೀದು ಕಂದುಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಮತ್ತೆ ಹೋಗುವುದಿಲ್ಲ. ಬೆಣ್ಣೆ ಕಾಯಿಸುವಾಗ ತುಪ್ಪ ತಿಳಿಯಾಗಿ ಗಸಿ ತಳಕ್ಕಿಳಿಯುವಂತೆ, ಇಲ್ಲಿಯೂ ಶುದ್ಧವಾದ ಭಾಗ ಮೇಲೆ ನಿಂತು ಪೊರೆಯ ಚೂರುಗಳು ಬೇರೆಯಾಗುತ್ತವೆ. ಅದನ್ನು ಬಟ್ಟೆಯಲ್ಲಿ ಸೋಸಿ ತಣಿಯಲು ಬಿಟ್ಟರೆ ನೀರಿನ ಮೇಲೆ ಬಿಳಿಯ ಬಿಲ್ಲೆಯಾಗಿ ಹೆಪ್ಪುಗಟ್ಟುತ್ತದೆ. ಬಿಲ್ಲೆಯನ್ನು ಎತ್ತಿ, ಅಡಿಯಲ್ಲಿ ಅಂಟಿದ ಕೊಳೆಯನ್ನು ಕತ್ತಿಯಿಂದ ಹೆರೆದು, ಇನ್ನೊಮ್ಮೆ ಹೊಸ ನೀರಿನಲ್ಲಿ ಕರಗಿಸುವರು. ಸೋಸಿದ ಬಟ್ಟೆಯಲ್ಲಿ ಉಳಿದ ಚರಟ ನಾಯಿಗಳ ಪಾಲು. ಹೀಗೆ ಸಿದ್ಧವಾದ ಪದಾರ್ಥ ಸುಮಾರು 40ರಿಂದ 50 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗುತ್ತದೆ. ನಮ್ಮ ರಾಯಚೂರು ಕಲಬುರಗಿಗಳ ಬೇಸಗೆಯಲ್ಲಿ ಈ ಬತ್ತಿ ಹೊತ್ತಿಸುವ ಮೊದಲೇ ಬಾಗಿಬಿಟ್ಟೀತೆಂಬುದನ್ನು ನೆನೆದರೆ, ಒಂದು ದೇಶಕ್ಕೆ ಹೊಂದುವ ದೀಪ ಇನ್ನೊಂದು ದೇಶಕ್ಕೆ ಏಕೆ ಹೊಂದದೆಂಬುದಕ್ಕೆ ಆಚಾರವಿಚಾರಗಳ ಜೊತೆಗೆ ಹವೆಯೂ ಕಾರಣವೆಂದು ತಿಳಿಯುತ್ತದೆ.

ಇಂಗ್ಲೆಂಡಿನ ಬಡವರ ಮನೆಯಲ್ಲಿ ಈ ಕೊಬ್ಬು ಹತ್ತಿಯ ನೂಲನ್ನು ಸೇರುವುದಕ್ಕಿಂತ ಹೆಚ್ಚಾಗಿ ಜೊಂಡಿನ ತಿರುಳನ್ನು ಸೇರುತ್ತಿದ್ದಿತು. ಇದನ್ನು ಕುರಿತು ನಮಗೆ ಉಳಿದುಬಂದಿರುವ ವಿವರಗಳಲ್ಲಿ ಅತ್ಯಂತ ನಿಷ್ಕೃಷ್ಟವಾದುದು ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬೋರ್ನ್ ಗ್ರಾಮದ ಪಾದ್ರಿಯಾಗಿದ್ದ ಗಿಲ್ಬರ್ಟ್ ವೈಟನದು. ಹಕ್ಕಿಗಳ ವಲಸೆಯನ್ನೂ ಎರೆಹುಳುವಿನ ಕೆಲಸವನ್ನೂ ಆಮೆಯ ನಿದ್ರೆಯನ್ನೂ ಸಮಾನ ಶ್ರದ್ಧೆಯಿಂದ ಗಮನಿಸಿ ಬರೆದಿಟ್ಟ ಆ ಪುಣ್ಯಾತ್ಮನು, 1775ನೆಯ ಇಸವಿ ನವೆಂಬರ್ 1ರಂದು ತನ್ನ ಮಿತ್ರ ಡೇನ್ಸ್ ಬ್ಯಾರಿಂಗ್ಟನ್ನನಿಗೆ ಬರೆದ ಪತ್ರವೊಂದನ್ನು ಬಹುಮಟ್ಟಿಗೆ ಜೊಂಡಿನ ದೀಪಕ್ಕೇ ಮೀಸಲಿಟ್ಟನು. 1789ರಲ್ಲಿ ಪ್ರಕಟವಾದ ಅವನ ಸೆಲ್ಬೋರ್ನ್ ಗ್ರಂಥದಲ್ಲಿ ಆ ಪತ್ರ ಸೇರಿದೆ. ಪ್ರಕೃತಿಶಾಸ್ತ್ರದ ಪುಸ್ತಕವೊಂದರಲ್ಲಿ ಗೃಹಿಣಿಯರ ಕಸುಬಿಗೆ ಇಷ್ಟು ಗೌರವದ ಸ್ಥಳ ದೊರೆತುದು ಅಪೂರ್ವವಾದ ಸಂಗತಿ.

ತೇವದ ಹುಲ್ಲುಗಾವಲುಗಳಲ್ಲಿ, ತೊರೆಗಳ ಅಂಚಿನಲ್ಲಿ, ಬೇಲಿಗಳ ಅಡಿಯಲ್ಲಿ ಬೆಳೆಯುವ ಜೊಂಡನ್ನು ಕಡುಬೇಸಗೆಯಲ್ಲಿ ಕೊಯ್ಯತಕ್ಕದ್ದು. ಉದ್ದವಾಗಿಯೂ ದಪ್ಪವಾಗಿಯೂ ಇರುವ ಕಡ್ಡಿಗಳೇ ಶ್ರೇಷ್ಠ. ಈ ಕೆಲಸ ಮುದುಕರದು, ಹೆಂಗಸರದು, ಮಕ್ಕಳದು. ಕೊಯ್ದ ಕೂಡಲೇ ನೀರಿನಲ್ಲಿ ಹಾಕಿಡದಿದ್ದರೆ ಕಡ್ಡಿ ಒಣಗಿ ಸುಕ್ಕಿ ಸಿಪ್ಪೆ ಬಿಡುವುದಿಲ್ಲ. ಅನಂತರದ್ದೇ ನಿಜವಾದ ಕುಶಲತೆ. ಕಡ್ಡಿಯ ಹಸುರು ಸಿಪ್ಪೆಯನ್ನು ಸುಲಿಯಬೇಕು, ಆದರೆ ಪೂರ್ತಿಯಾಗಿ ಸುಲಿಯಬಾರದು. ಒಳಗಿನ ಬಿಳಿಯ ತಿರುಳು ನೊರೆಯಷ್ಟು ಹಗುರವಾದುದು, ತನ್ನ ಕಾಲ ಮೇಲೆ ತಾನು ನಿಲ್ಲಲಾರದು. ಆದ್ದರಿಂದ ತುದಿಯಿಂದ ಬುಡದವರೆಗೆ ಒಂದೇ ಸಮನಾದ ಕಿರಿದಾದ ಸಿಪ್ಪೆಯ ಪಟ್ಟಿಯೊಂದನ್ನು ಬೆನ್ನೆಲುಬಾಗಿ ಬಿಟ್ಟು ಉಳಿದುದನ್ನು ತೆಗೆಯಬೇಕು. ಹೊಸಬರಿಗೆ ಇದು ಸುಲಭವಾಗಿ ಒಲಿಯದು. ಆ ಹಳ್ಳಿಯ ಮಕ್ಕಳಿಗೋ ಬಹಳ ಬೇಗ ಅಭ್ಯಾಸವಾಗುತ್ತಿದ್ದಿತು. ಎರಡು ಕಣ್ಣೂ ಇಲ್ಲದ ಮುದುಕಿಯೊಬ್ಬಳು ಅತಿ ವೇಗದಿಂದ ಒಂದಾದ ಮೇಲೊಂದು ಕಡ್ಡಿಯನ್ನು ಬಹುಮಟ್ಟಿಗೆ ತಪ್ಪದೆ ಸುಲಿಯುತ್ತಿದ್ದುದನ್ನು ತಾನು ಕಂಡೆನೆಂದು ವೈಟನು ಬರೆದಿದ್ದಾನೆ. ತನಗೆ ಯಾವ ಪ್ರಯೋಜನಕ್ಕೂ ಬಾರದ ಬೆಳಕನ್ನು ತನ್ನ ಮನೆಯ ಉಳಿದವರಿಗಾಗಿ ಬೆರಳ ತುದಿಯ ಅರಿವಿನಿಂದಲೇ ಸಿದ್ಧಪಡಿಸುತ್ತಿದ್ದ ಆ ವೃದ್ಧೆಯ ಹೆಸರು ನಮಗೆ ದೊರೆಯದು; ಅವಳ ವಿಷಯವನ್ನು ಒಂದು ವಾಕ್ಯದಲ್ಲಾದರೂ ಉಳಿಸಿದ್ದಕ್ಕಾಗಿ ನಾನು ವೈಟನಿಗೆ ಕೃತಜ್ಞನಾಗಿದ್ದೇನೆ.

ಸುಲಿದ ಕಡ್ಡಿಗಳನ್ನು ಹುಲ್ಲಿನ ಮೇಲೆ ಹರಡಿ ಕೆಲವು ರಾತ್ರಿಗಳ ಇಬ್ಬನಿ ಬೀಳಗೊಟ್ಟರೆ ಅವು ಬಿಳುಪೇರುತ್ತವೆ. ಆಮೇಲೆ ಬಿಸಿಲಿನಲ್ಲಿ ಒಣಗಿಸಿ, ಕುದಿಯುವಷ್ಟು ಬಿಸಿಯಾದ ಕೊಬ್ಬಿನಲ್ಲಿ ಅದ್ದುವುದು. ಇದಕ್ಕೆಂದೇ ದೋಣಿಯಾಕಾರದ ಉದ್ದನೆಯ ಕಬ್ಬಿಣದ ಬಾಣಲೆಯನ್ನು ಅನುಕೂಲವುಳ್ಳವರು ಇಟ್ಟುಕೊಳ್ಳುತ್ತಿದ್ದರು. ಅದ್ದಿ ತೆಗೆದುದನ್ನು ಇಡಲು ಮರದಿಂದ ಉದ್ದಕ್ಕೆ ಕಳಚಿದ ತೊಗಟೆಯೇ ಪಾತ್ರೆ. ಕೊಬ್ಬು ಬೇಕಲ್ಲವೆ? ದುಡಿಯುವ ಗಂಡನ ಜಾಣ ಹೆಂಡತಿ ಅದಕ್ಕಾಗಿ ಕಾಸು ಬಿಚ್ಚುತ್ತಿರಲಿಲ್ಲ. ಉಪ್ಪು ಹಾಕಿದ ಹಂದಿಮಾಂಸವನ್ನು ಬೇಯಿಸುವ ಮಡಕೆಯಲ್ಲಿ ತೇಲುವ ಜಿಡ್ಡನ್ನೇ ತೆಗೆದು ಕೂಡಿಡುತ್ತಿದ್ದಳು. ಅದರಲ್ಲಿ ಉಪ್ಪು ಹೆಚ್ಚಾಗಿದ್ದರೆ ಬೆಚ್ಚಗಿನ ಒಲೆಗೂಡಿನಲ್ಲಿಟ್ಟು ಉಪ್ಪು ತಳಕ್ಕಿಳಿಯುವಂತೆ ಮಾಡುತ್ತಿದ್ದಳು. ಜೇನು ಸಾಕಿದವರು ಸ್ವಲ್ಪ ಮೇಣವನ್ನು ಬೆರೆಸಿದರೆ ಜಿಡ್ಡು ಗಟ್ಟಿಯಾಗಿ ಬತ್ತಿ ಕೈಗಂಟದೆ ಹೆಚ್ಚು ಹೊತ್ತು ಉರಿಯುತ್ತಿದ್ದಿತು. ಕುರಿಯ ಕೊಬ್ಬನ್ನು ಬೆರೆಸಿದರೂ ಅದೇ ಗುಣ. ಹಂದಿಯ ಜಿಡ್ಡು ಬತ್ತಿಗೆ ಒಗ್ಗದೆಂಬ ಕಸುಬುದಾರರ ಮಾತಿಗೆ ಬಡತನವು ಕಂಡುಕೊಂಡ ಪರಿಹಾರವಿದು.

ಇಷ್ಟು ಹೇಳಿ ನಿಲ್ಲಿಸಿದ್ದರೆ ವೈಟನು ವೈಟನಾಗುತ್ತಿರಲಿಲ್ಲ. ಅವನು ತಕ್ಕಡಿಯನ್ನೂ ಗಡಿಯಾರವನ್ನೂ ಹಿಡಿದು ಕುಳಿತನು. ಒಣಗಿದ ಒಂದು ಪೌಂಡು ಜೊಂಡಿನಲ್ಲಿ 1600ಕ್ಕಿಂತ ಹೆಚ್ಚು ಕಡ್ಡಿಗಳಿದ್ದುವು. ಅವನ್ನು ಅದ್ದಲು ಆರು ಪೌಂಡು ಕೊಬ್ಬು ಬೇಕಾಯಿತು. 2 ಅಡಿ 4½ ಅಂಗುಲ ಉದ್ದದ ಒಂದು ಬತ್ತಿಯನ್ನು ಹೊತ್ತಿಸಿ ನೋಡಿದಾಗ ಅದು 57 ನಿಮಿಷ ಉರಿಯಿತು. ಇನ್ನೂ ಉದ್ದವಾದುವು ಒಂದೂಕಾಲು ಗಂಟೆ ಉರಿದುದೂ ಉಂಟು. ಪೌಂಡಿಗೆ ನಾಲ್ಕು ಪೆನ್ನಿಯಂತೆ ಕೊಬ್ಬಿಗೆ ಎರಡು ಷಿಲಿಂಗು, ಜೊಂಡಿಗೆ ಒಂದು ಷಿಲಿಂಗು, ಒಟ್ಟು ಮೂರು ಷಿಲಿಂಗಿಗೆ 1600 ಬತ್ತಿ. ಒಂದೊಂದು ಸರಾಸರಿ ಅರ್ಧ ಗಂಟೆ ಮಾತ್ರ ಉರಿಯುವುದೆಂದು ಹಿಡಿದರೂ 800 ಗಂಟೆಗಳ ಬೆಳಕು. ಅಂದರೆ ಪೆನ್ನಿಯ ನಾಲ್ಕನೆಯ ಒಂದು ಭಾಗವಾದ ಫಾರ್ದಿಂಗಿಗೆ ಐದೂವರೆ ಗಂಟೆ! ಒಂದೂವರೆ ಪೌಂಡು ಜೊಂಡು ಒಂದು ಸಂಸಾರದ ಇಡೀ ವರ್ಷಕ್ಕೆ ಸಾಕೆಂದು ಅನುಭವಸ್ಥನಾದ ಹಳೆಯ ಸಂಸಾರಸ್ಥನೊಬ್ಬನು ಅವನಿಗೆ ತಿಳಿಸಿದನು. ಹಗಲು ದೀರ್ಘವಾಗಿರುವ ತಿಂಗಳುಗಳಲ್ಲಿ ದುಡಿಯುವ ಜನ ಬೆಳಕಿನಲ್ಲಿಯೇ ಎದ್ದು ಬೆಳಕಿನಲ್ಲಿಯೇ ಮಲಗುವರಷ್ಟೆ.

ಈ ಲೆಕ್ಕವನ್ನು ಓದಿ ಸಂತೋಷಪಟ್ಟ ಮೇಲೂ ಪತ್ರದ ಒಂದು ಮಾತನ್ನು ನಾನು ಒಪ್ಪಲಾರೆ. ಸಣ್ಣ ರೈತರು ಜೊಂಡಿನ ಬತ್ತಿಯನ್ನು ಬಳಸಿ ಉಳಿತಾಯ ಮಾಡುವರೆಂದೂ, ಕಡುಬಡವರು ಮಾತ್ರ ಮಿತವ್ಯಯವನ್ನು ಅರಿಯದೆ ದಿನಕ್ಕೊಂದು ಅರ್ಧ ಪೆನ್ನಿಯ ಬತ್ತಿಯನ್ನು ಅಂಗಡಿಯಿಂದ ತಂದು, ಗಾಳಿ ನುಗ್ಗುವ ತಮ್ಮ ಗುಡಿಸಿಲುಗಳಲ್ಲಿ ಎರಡು ಗಂಟೆಗೇ ಅದನ್ನು ಮುಗಿಸಿ, ಅದೇ ದುಡ್ಡಿಗೆ ಸಿಗಬಹುದಾಗಿದ್ದ ಹನ್ನೊಂದು ಗಂಟೆಗಳ ಬೆಳಕನ್ನು ಕಳೆದುಕೊಳ್ಳುವರೆಂದೂ ಅವನು ಆಕ್ಷೇಪಿಸುತ್ತಾನೆ. ಗಣಿತ ಸರಿ, ತೀರ್ಪು ಸರಿಯಲ್ಲ. ಮಡಕೆಯಲ್ಲಿ ಮಾಂಸವೇ ಬೇಯದ ಮನೆಯಲ್ಲಿ ಜಿಡ್ಡು ಎಲ್ಲಿಂದ ತೇಲಬೇಕು? ಬೇಸಗೆಯಲ್ಲಿ ಜೊಂಡು ಕೊಯ್ಯುವ ದಿನಗಳೆಂದರೆ ಹುಲ್ಲು ಕೊಯ್ಲಿನ ದಿನಗಳೂ ಹೌದು. ವರ್ಷದಲ್ಲಿ ನಾಲ್ಕು ಕಾಸು ಹೆಚ್ಚಾಗಿ ಕೈಸೇರುವ ಆ ಕೆಲವೇ ವಾರಗಳಲ್ಲಿ ಕೂಲಿಯ ಹೆಂಗಸು ಹೊಲವನ್ನು ಬಿಟ್ಟು ಹಳ್ಳಕ್ಕೆ ಹೋಗಬಲ್ಲಳೆ? ಒಟ್ಟಿಗೆ ಮೂರು ಷಿಲಿಂಗನ್ನು ಎಣಿಸಿ ಕೊಡಬಲ್ಲವನಿಗೆ ಬೆಳಕು ಅಗ್ಗ, ದಿನಕ್ಕೆ ಅರ್ಧ ಪೆನ್ನಿಯನ್ನು ಮಾತ್ರ ಕಾಣುವವನಿಗೆ ಅದು ದುಬಾರಿ. ಸಗಟಿಗೆ ಕೊಳ್ಳಲಾರದವನು ಚಿಲ್ಲರೆಯಲ್ಲಿ ಹೆಚ್ಚು ತೆರಬೇಕಾದ ಅನ್ಯಾಯ ನಮ್ಮ ಸಂತೆಗಳಿಗೂ ಹೊಸದಲ್ಲ. ವೈಟನ ಕಣ್ಣು ಹಕ್ಕಿಯ ಗೂಡಿನಲ್ಲಿ ಕಂಡಷ್ಟು ಸೂಕ್ಷ್ಮವನ್ನು ನೆರೆಯವನ ಗುಡಿಸಿಲಿನಲ್ಲಿ ಕಾಣಲಿಲ್ಲ.

ಸೆಲ್ಬೋರ್ನಿಗೆ ಹೆಚ್ಚು ದೂರವಿಲ್ಲದ ಫಾರ್ನಮ್ ಎಂಬ ಊರಿನಲ್ಲಿ 1763ರಲ್ಲಿ ಹುಟ್ಟಿದ ವಿಲಿಯಂ ಕಾಬೆಟ್ಟನು ಇದೇ ವಸ್ತುವನ್ನು ಬೇರೊಂದು ಹೃದಯದಿಂದ ನೋಡಿದನು. ಉಳುವವನ ಮಗನಾಗಿ, ಸೈನಿಕನಾಗಿ, ಪತ್ರಿಕಾಕರ್ತನಾಗಿ, ಸರಕಾರವನ್ನು ಎದುರು ಹಾಕಿಕೊಂಡು ಸೆರೆಮನೆಯನ್ನೂ ಕಂಡ ಈ ಗಟ್ಟಿಗನು, 1821 ಮತ್ತು 1822ರಲ್ಲಿ ಬಿಡಿ ಸಂಚಿಕೆಗಳಾಗಿ ಹೊರಡಿಸಿದ ಗುಡಿಸಿಲ ಅರ್ಥಶಾಸ್ತ್ರದ ಪುಸ್ತಕದಲ್ಲಿ ರೊಟ್ಟಿ, ಬೀರು, ಹಂದಿ, ಜೇನುಗಳ ಜೊತೆಗೆ ಜೊಂಡಿನ ಬತ್ತಿಯನ್ನೂ ಸೇರಿಸಿದನು. ತನ್ನ ಅಜ್ಜಿ ತನ್ನ ಮನೆಯಲ್ಲಿ ಜೀವಮಾನದಲ್ಲಿಯೇ ಅಂಗಡಿಯ ಬತ್ತಿಯೊಂದನ್ನು ಉರಿಸಿದ್ದಳೆಂದು ತಾನು ನಂಬಲಾರೆನೆಂದೂ, ತಾನು ಬಹುಮಟ್ಟಿಗೆ ಈ ಬೆಳಕಿನಲ್ಲಿಯೇ ಬೆಳೆದವನಾದರೂ ತನ್ನ ಕಣ್ಣು ಇತರರ ಕಣ್ಣಿಗಿಂತ ಮಂದವಾಗಿಲ್ಲವೆಂದೂ ಅವನು ಅಭಿಮಾನದಿಂದ ಹೇಳಿಕೊಳ್ಳುತ್ತಾನೆ. ಕೈಯಲ್ಲಿ ಹಿಡಿದು ಓಡಾಡಲು ಒಂದು ತರದ ಹಿಡಿ, ಮೇಜಿನ ಮೇಲೆ ನಿಲ್ಲಿಸಲು ಇನ್ನೊಂದು ತರದ್ದು. ಮರದ ದಿಮ್ಮಿಗೆ ನೆಟ್ಟ ಕಬ್ಬಿಣದ ಚಿಮುಟದ ಎರಡು ದವಡೆಗಳ ನಡುವೆ ಬತ್ತಿಯನ್ನು ಓರೆಯಾಗಿ ಕಚ್ಚಿಸಿ, ಉರಿದಂತೆಲ್ಲ ಕೈಯಿಂದ ಮೇಲಕ್ಕೆ ಸರಿಸುತ್ತಿರಬೇಕು. ನೆಟ್ಟಗೆ ನಿಲ್ಲಿಸಿದರೆ ಉರಿ ಮಂಕು, ತೀರ ಬಗ್ಗಿಸಿದರೆ ಬೇಗ ವ್ಯಯ. ಆ ಓರೆಯ ಹದ ಮನೆಯವರಿಗೆ ಗೊತ್ತು.

ಕಾಬೆಟ್ಟನಿಗೆ ಈ ಬತ್ತಿಯ ಮೇಲೆ ಇಷ್ಟೊಂದು ಮಮತೆ ಇದ್ದುದಕ್ಕೆ ಅಜ್ಜಿಯ ನೆನಪೊಂದೇ ಕಾರಣವಲ್ಲ. ಇದು ಸುಂಕದವನ ಕೈಗೆ ಸಿಕ್ಕದ ಬೆಳಕು. ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದ ವೆಚ್ಚಕ್ಕಾಗಿ ಆನ್ ರಾಣಿಯ ಕಾಲದಲ್ಲಿ, 1709ರ ಶಾಸನದ ಮೂಲಕ, ಬತ್ತಿಗಳ ಮೇಲೆ ತೆರಿಗೆ ಬಿದ್ದಿತು: ಪೌಂಡು ಕೊಬ್ಬಿನ ಬತ್ತಿಗೆ ಅರ್ಧ ಪೆನ್ನಿ, ಮೇಣದ ಬತ್ತಿಗೆ ನಾಲ್ಕು ಪೆನ್ನಿ. ಎರಡು ವರ್ಷ ಕಳೆಯುವಷ್ಟರಲ್ಲಿ ಎರಡೂ ಇಮ್ಮಡಿಯಾದುವು. ಮೇಣದ ಮೇಲೆ ಎಂಟುಪಟ್ಟು ತೆರಿಗೆಯಿದ್ದುದರಿಂದ ಬಡವರಿಗೆ ರಿಯಾಯತಿ ದೊರೆತಂತೆ ಕಂಡರೂ, ಮೇಣವನ್ನು ಉರಿಸುವವರ ಸಂಖ್ಯೆ ಅಲ್ಪ, ಕೊಬ್ಬನ್ನು ಉರಿಸುವವರು ದೇಶಕ್ಕೆ ದೇಶವೇ. ಇದಕ್ಕಿಂತ ಮುಖ್ಯವಾಗಿ, ತೆರಿಗೆಯನ್ನು ವಸೂಲು ಮಾಡಬೇಕಾದರೆ ತಯಾರಿಕೆ ಅಧಿಕಾರಿಯ ಕಣ್ಣೆದುರಿಗೆ ನಡೆಯಬೇಕಾದುದರಿಂದ, ತನ್ನ ಮನೆಯ ಕೊಬ್ಬನ್ನು ತನ್ನ ಮನೆಯ ನೂಲಿಗೆ ಸವರಿಕೊಳ್ಳುವ ಗೃಹಿಣಿಯೂ ಸುಂಕ ತೆರದಿದ್ದರೆ ಅಪರಾಧಿಯಾಗತಕ್ಕವಳಾದಳು. ಶಾಸನವು ಬಿಟ್ಟುಕೊಟ್ಟ ಸಂದು ಒಂದೇ: ಮಾರಾಟಕ್ಕಲ್ಲದೆ ಸ್ವಂತ ಮನೆಯ ಉಪಯೋಗಕ್ಕಾಗಿ, ಅಡುಗೆಯ ಜಿಡ್ಡಿನಲ್ಲಿ ಒಂದೇ ಒಂದು ಬಾರಿ ಅದ್ದಿ ತೆಗೆದ ಸಣ್ಣ ಜೊಂಡಿನ ಬತ್ತಿ. ಎರಡನೆಯ ಸಲ ಅದ್ದಿದರೆ ಅದು ತೆರಿಗೆಗೆ ಒಳಪಟ್ಟ ಬತ್ತಿ! ಹೀಗೆ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇಂಗ್ಲೆಂಡಿನಲ್ಲಿ ಒಂದು ಅದ್ದುವಿಕೆಗೂ ಎರಡು ಅದ್ದುವಿಕೆಗೂ ನಡುವೆ ರಾಜಶಾಸನದ ಗಡಿರೇಖೆ ಹಾದುಹೋಗಿದ್ದಿತು. ಜೊಂಡಿನ ದೀಪ ಅಷ್ಟು ಕಾಲ ಬಾಳಿದುದು ಜನರ ಹಳೆಯ ಅಭ್ಯಾಸದಿಂದ ಎಂದು ಬರೆಯುವವರು ಈ ರೇಖೆಯನ್ನು ಮರೆಯುತ್ತಾರೆ. ತೆರಿಗೆ ರದ್ದಾದುದು 1831ರಲ್ಲಿ.

ಕಡಲಾಚೆಯ ನ್ಯೂ ಇಂಗ್ಲೆಂಡಿನ ವಲಸೆಗಾರರ ಮನೆಗಳಲ್ಲಿ ನೂಲಿನ ಬತ್ತಿಯನ್ನೇ ಮನೆಯಲ್ಲಿ ಮಾಡಿಕೊಳ್ಳುವ ಪದ್ಧತಿ ಬೆಳೆಯಿತು. ಶರತ್ಕಾಲದಲ್ಲಿ ಪಶುಗಳನ್ನು ಕಡಿದ ಮೇಲೆ ಇದಕ್ಕೆಂದೇ ಒಂದೆರಡು ದಿನಗಳು ಗೊತ್ತಾಗುತ್ತಿದ್ದುವು. ಬೆಳಗಾಗುವ ಮೊದಲೇ ದೊಡ್ಡ ಕೊಪ್ಪರಿಗೆಗಳಲ್ಲಿ ಅರ್ಧ ನೀರು, ಅರ್ಧ ಕೊಬ್ಬು ಕಾಯಲು ತೊಡಗುವುವು. ನೀರು ಕೆಳಗೆ ನಿಂತು ಕೊಬ್ಬಿನ ಮಟ್ಟವನ್ನು ಅದ್ದಲು ಅನುಕೂಲವಾಗುವಷ್ಟು ಎತ್ತರದಲ್ಲಿ ಇಡುತ್ತದೆ. ಮನೆಯ ತಣ್ಣನೆಯ ಮೂಲೆಯಲ್ಲಿ ಎರಡು ಉದ್ದ ಗಳುಗಳನ್ನು ಕುರ್ಚಿಗಳ ಮೇಲೆ ಸಮಾನಾಂತರವಾಗಿ ಇಟ್ಟು, ಅವುಗಳ ಮೇಲೆ ಏಣಿಯ ಮೆಟ್ಟಿಲುಗಳಂತೆ ಸಣ್ಣ ಕೋಲುಗಳನ್ನು ಸಾಲಾಗಿ ಹಾಕುವರು. ಒಂದೊಂದು ಕೋಲಿಗೂ ಆರೋ ಎಂಟೋ ನೂಲುಗಳು, ಇಮ್ಮಡಿಸಿ ಹುರಿಮಾಡಿ ತೂಗಬಿಟ್ಟುವು. ಮೊದಲನೆಯ ಸಲ ಅದ್ದಿ ತೆಗೆದ ಕೂಡಲೇ ಡೊಂಕಾದ ನೂಲನ್ನು ಬೆರಳಿನಿಂದ ಎಳೆದು ನೆಟ್ಟಗೆ ಮಾಡದಿದ್ದರೆ ಬತ್ತಿ ಕೊನೆಯವರೆಗೂ ಡೊಂಕು. ಕೊನೆಯ ಕೋಲನ್ನು ಅದ್ದಿ ಇಡುವ ಹೊತ್ತಿಗೆ ಮೊದಲನೆಯದು ತಣಿದಿರುತ್ತದೆ, ಮತ್ತೆ ಅಲ್ಲಿಂದ. ಕೊಬ್ಬು ತೀರ ಬಿಸಿಯಾದರೆ ಹಿಂದಿನ ಪದರ ಕರಗಿಹೋಗುವುದು, ಆರಿದರೆ ಹೊಸ ಪದರ ಗಂಟುಗಂಟಾಗುವುದು, ಹೊರಗಿನ ಚಳಿ ತಟ್ಟನೆ ತಾಗಿದರೆ ಬತ್ತಿ ಬಿರಿಯುವುದು. ಆ ವಸಾಹತುಗಳ ಗೃಹಜೀವನವನ್ನು ಕುರಿತು 1898ರಲ್ಲಿ ಗ್ರಂಥ ಬರೆದ ಆಲಿಸ್ ಮೋರ್ಸ್ ಅರ್ಲ್, ಚೆನ್ನಾಗಿ ಕೈಪಳಗಿದವರು ದಿನವೊಂದಕ್ಕೆ ಇನ್ನೂರು ಬತ್ತಿಗಳನ್ನು ಮಾಡಬಲ್ಲವರಾಗಿದ್ದರೆಂದು ತಿಳಿಸುತ್ತಾಳೆ. ಮಾಡಿದ ಬತ್ತಿಗಳನ್ನು ಮುಚ್ಚಳವುಳ್ಳ ಪೆಟ್ಟಿಗೆಗಳಲ್ಲಿ ಜೋಡಿಸಿಡುವರು. ಏಕೆಂದರೆ ಈ ದೀಪ ಇಲಿಗಳಿಗೆ ಆಹಾರವೂ ಹೌದು.

ಇದೇ ಕಸುಬಿನ ಮನೆಯಲ್ಲಿ ಬೆಳೆದವನು ಬೆಂಜಮಿನ್ ಫ್ರಾಂಕ್ಲಿನ್. ಅವನ ತಂದೆ ಜೋಸಯ್ಯ ಇಂಗ್ಲೆಂಡಿನಲ್ಲಿ ಬಟ್ಟೆಗೆ ಬಣ್ಣ ಹಾಕುವವನು. ಬಾಸ್ಟನ್ನಿಗೆ ಬಂದ ಮೇಲೆ ಆ ಕಸುಬಿಗೆ ಗಿರಾಕಿಗಳಿಲ್ಲದೆ ಬತ್ತಿ ಮತ್ತು ಸಾಬೂನುಗಳ ತಯಾರಿಕೆಗೆ ಇಳಿದನು. ಹತ್ತನೆಯ ವಯಸ್ಸಿಗೆ ಶಾಲೆಯಿಂದ ಬಿಡಿಸಲ್ಪಟ್ಟ ಬಾಲಕ ನೂಲು ಕತ್ತರಿಸುವುದು, ಅಚ್ಚುಗಳಿಗೆ ಕೊಬ್ಬು ತುಂಬುವುದು, ಅಂಗಡಿ ನೋಡಿಕೊಳ್ಳುವುದು ಇವುಗಳಲ್ಲಿ ಎರಡು ವರ್ಷ ಕಳೆದು, ಬೇಸತ್ತು, ಸಮುದ್ರಯಾನಕ್ಕೆ ಮನಸೋತಿದ್ದನೆಂದು ಅವನ ಆತ್ಮಕಥೆಯಿಂದ ತಿಳಿಯಬರುತ್ತದೆ. ಮನೆಯ ಬತ್ತಿಯನ್ನು ಉತ್ತಮಪಡಿಸುವ ಉಪಾಯಗಳೂ ಆ ದೇಶದ ಗೃಹಿಣಿಯರಲ್ಲಿ ಪ್ರಚಾರದಲ್ಲಿದ್ದುವು. ಲಿಡಿಯಾ ಮರಿಯಾ ಚೈಲ್ಡ್ 1829ರಲ್ಲಿ ಪ್ರಕಟಿಸಿದ ಮಿತವ್ಯಯದ ಗೃಹಿಣಿಯ ಕೈಪಿಡಿಯಲ್ಲಿ, ನೂಲನ್ನು ಸುಣ್ಣದ ತಿಳಿನೀರು ಮತ್ತು ಪೆಟ್ಲುಪ್ಪಿನಲ್ಲಿ ನೆನೆಸಿ ಒಣಗಿಸಿದರೆ ಉರಿ ತಿಳಿಯಾಗುವುದೆಂಬ ಸಲಹೆಯಿದೆ. ಕುರಿಯ ಕೊಬ್ಬಿಗೆ ಕರ್ಪೂರ, ಜೇನುಮೇಣ, ಪಟಿಕಗಳನ್ನು ಸೇರಿಸಿ ಗಟ್ಟಿ ಬತ್ತಿ ಮಾಡುವ ವಿಧಾನವೂ ಇದೆ.

ಇಷ್ಟೆಲ್ಲ ಶ್ರಮದಿಂದ ಮಾಡಿದ ಬೆಳಕು ಎಂಥದು? ಲಂಡನ್ನಿನ ನೌಕಾಖಾತೆಯ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೆಪೀಸನು 1664ರ ಡಿಸೆಂಬರಿನಲ್ಲಿ ತನ್ನ ಕಚೇರಿಯ ಕೋಣೆಯಲ್ಲಿ ಮೇಣದ ಬತ್ತಿಯನ್ನು ಉರಿಸತೊಡಗಿದುದನ್ನು ದಿನಚರಿಯಲ್ಲಿ ದಾಖಲಿಸಿದ್ದಾನೆ. ವೆಚ್ಚ ಎಷ್ಟಾದೀತು, ಕೊಬ್ಬಿನ ಬತ್ತಿಯ ಹೊಗೆಯಂತೆ ಇದರ ಹೊಗೆಯೂ ಬಾಧಿಸುವುದೋ ಎಂದು ಪರೀಕ್ಷಿಸುವುದು ಅವನ ಉದ್ದೇಶ. ಹೊಗೆಗಿಂತ ದೊಡ್ಡ ಪೀಡೆ ಕರಿಕುಡಿ. ಹುರಿಮಾಡಿದ ನೂಲು ಉರಿಯ ನಟ್ಟನಡುವೆ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಗಾಳಿಯ ಸಂಪರ್ಕವಿಲ್ಲವಾದ್ದರಿಂದ ಅದು ಸುಟ್ಟು ಬೂದಿಯಾಗದೆ ಕರಕಲಾಗಿ ಉದ್ದವಾಗುತ್ತ ಹೋಗುತ್ತದೆ, ಉರಿ ಮಬ್ಬಾಗುತ್ತದೆ, ಕೊಬ್ಬು ಬದಿಗೆ ಸೋರುತ್ತದೆ. ಆದಕಾರಣ ಮೇಲಿಂದ ಮೇಲೆ ಕತ್ತರಿಯಿಂದ ಕುಡಿ ತೆಗೆಯುತ್ತಿರಬೇಕು. ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1794ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನು ಅಳೆದನು. ಆಗತಾನೆ ಕುಡಿ ತೆಗೆದ ಸಾಧಾರಣ ಕೊಬ್ಬಿನ ಬತ್ತಿಯ ಪ್ರಕಾಶ 100 ಎಂದಿಟ್ಟುಕೊಂಡರೆ, 11 ನಿಮಿಷಗಳಲ್ಲಿ ಅದು 39ಕ್ಕೆ, 19 ನಿಮಿಷಗಳಲ್ಲಿ 23ಕ್ಕೆ, 29 ನಿಮಿಷಗಳಲ್ಲಿ 16ಕ್ಕೆ ಇಳಿಯಿತು. ಓದುವವನೂ ಹೊಲಿಯುವವಳೂ ಕಾಲುಗಂಟೆಗೊಮ್ಮೆಯಾದರೂ ಕೆಲಸ ನಿಲ್ಲಿಸಿ ಬತ್ತಿಯನ್ನು ಉಪಚರಿಸಬೇಕಾಗಿದ್ದಿತು. ಜೊಂಡಿನ ಬತ್ತಿಗೆ ಈ ತೊಡಕಿರಲಿಲ್ಲ. ಓರೆಯಾಗಿ ಹಿಡಿದ ಅದರ ತಿರುಳು ಗಾಳಿಗೆ ಸೋಂಕಿ ತಾನಾಗಿಯೇ ಬೂದಿಯಾಗಿ ಉದುರುತ್ತಿದ್ದಿತು. ಬಡವರ ಬತ್ತಿ ಅಂಗಡಿಯ ಬತ್ತಿಗಿಂತ ಈ ಒಂದು ವಿಷಯದಲ್ಲಿ ಮೇಲೆಂಬುದು ಗಮನಾರ್ಹ.

ಅಂಗಡಿಯ ಬತ್ತಿಗೆ ಪರಿಹಾರ ದೊರೆತುದು ಫ್ರಾನ್ಸಿನಲ್ಲಿ. ಪ್ರಾಣಿಜನ್ಯವಾದ ಕೊಬ್ಬು ಏಕಪದಾರ್ಥವಲ್ಲ, ಹಲವು ಆಮ್ಲಗಳು ಗ್ಲಿಸರಿನ್ನಿನೊಡನೆ ಕೂಡಿ ಆದುದು ಎಂಬುದನ್ನು ಮಿಷೆಲ್ ಎಜೆನ್ ಶೆವ್ರಲ್ ಹತ್ತು ವರ್ಷಗಳಿಗೂ ಮೀರಿದ ಸಂಶೋಧನೆಯಿಂದ ಸ್ಥಾಪಿಸಿ 1823ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಬತ್ತಿ ಆರಿಸಿದಾಗ ಮೂಗನ್ನೂ ಕಣ್ಣನ್ನೂ ಚುಚ್ಚುವ ಘಾಟು ಹುಟ್ಟುವುದು ಗ್ಲಿಸರಿನ್ ಸುಟ್ಟಾಗ. ಬತ್ತಿ ಮೆತ್ತಗಾಗುವುದು ಓಲೆಯಿಕ್ ಆಮ್ಲದ ಅಂಶದಿಂದ. ಇವೆರಡನ್ನೂ ತೆಗೆದು ಗಟ್ಟಿಯಾದ ಆಮ್ಲವನ್ನು ಮಾತ್ರ ಉಳಿಸಿಕೊಂಡರೆ ಮೇಣಕ್ಕೆ ಸರಿದೊರೆಯಾದ ಬತ್ತಿಯಾಗಬೇಕು. ಅದಕ್ಕಾಗಿ ಶೆವ್ರಲ್ ಮತ್ತು ಗೇ-ಲ್ಯೂಸಾಕ್ 1825ರಲ್ಲಿ ಸನ್ನದು ಪಡೆದರು. ಅದೇ ವರ್ಷ ಕಾಂಬಸೆರೆಸ್ ಎಂಬಾತನು ನೂಲನ್ನು ಹುರಿಮಾಡುವುದರ ಬದಲು ಜಡೆಯಂತೆ ಹೆಣೆದನು. ಹೆಣೆದ ನೂಲು ಉರಿಯುತ್ತ ಬಾಗಿ, ತುದಿ ಉರಿಯ ಅಂಚಿಗೆ ಬಂದು, ಗಾಳಿ ತಗಲಿ ಬೂದಿಯಾಗುತ್ತದೆ. ಕುಡಿ ತೆಗೆಯುವ ಕತ್ತರಿಗೆ ಕೆಲಸ ತಪ್ಪಿತು. 1834ರ ಹೊತ್ತಿಗೆ ಇಂಗ್ಲೆಂಡಿನ ಜೋಸೆಫ್ ಮಾರ್ಗನ್ನನ ಯಂತ್ರ ಅಚ್ಚುಬತ್ತಿಗಳನ್ನು ರಾಶಿರಾಶಿಯಾಗಿ ಹೊರತಳ್ಳತೊಡಗಿತು.

ಕಾರ್ಖಾನೆಗಳು ಹುಟ್ಟಿದ ಕೂಡಲೇ ಗಟ್ಟಿಯಾದ ಕೊಬ್ಬು ಎಲ್ಲಿ ಸಿಕ್ಕೀತೆಂದು ಲೋಕವನ್ನೆಲ್ಲ ಹುಡುಕುವ ಕಾಲ ಬಂದಿತು. ರಷ್ಯದ ಹುಲ್ಲುಗಾವಲುಗಳ ಕೊಬ್ಬು ಪೀಟರ್ಸ್‌ಬರ್ಗಿನಿಂದ, ತಾಳೆಯ ಎಣ್ಣೆ ಪಶ್ಚಿಮ ಆಫ್ರಿಕದಿಂದ, ತೆಂಗಿನೆಣ್ಣೆ ಸಿಂಹಳದಿಂದ ಹಡಗೇರಿದುವು. ಈ ಹುಡುಕಾಟದ ಕಾಲದಲ್ಲಿಯೇ ನಮ್ಮ ನಾಡಿನ ಹೆಸರೂ ಅಲ್ಲಿನ ವಿಜ್ಞಾನಿಗಳ ಕಿವಿಗೆ ಬಿದ್ದಿತು. ಮದರಾಸಿನ ಸರಕಾರೀ ಸೇವೆಯಲ್ಲಿದ್ದು ಆಮೇಲೆ ಲಂಡನ್ನಿನಲ್ಲಿ ವೈದ್ಯನಾದ ಬೆಂಜಮಿನ್ ಗೈ ಬ್ಯಾಬಿಂಗ್ಟನ್ನನು 1825ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಮಂಗಳೂರಿನ ಧೂಪದ ಕೊಬ್ಬನ್ನು ವರ್ಣಿಸಿದ್ದಾನೆ. ದಕ್ಷಿಣ ಕನ್ನಡದ ರಸ್ತೆಗಳ ಇಕ್ಕೆಲಗಳಲ್ಲಿ ನೆರಳಿಗಾಗಿ ನೆಟ್ಟು ಬೆಳೆಸುವ ಸಾಲುಧೂಪದ ಮರದ ಬೀಜಗಳನ್ನು ಜಜ್ಜಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲಿ ತಣಿದು ಹೆಪ್ಪುಗಟ್ಟುವ ಪದಾರ್ಥ ಅದು. ಅದರಿಂದ ಬತ್ತಿ ಮಾಡಿ ನೋಡಿದಾಗ ಅಚ್ಚಿನಿಂದ ಸಲೀಸಾಗಿ ಬಿಟ್ಟುಬರುವುದೆಂದೂ, ಆರಿಸಿದಾಗ ಪಶುವಿನ ಕೊಬ್ಬಿನಂತೆ ನಾರುವುದಿಲ್ಲವೆಂದೂ ಅವನು ಪ್ರಶಂಸಿಸಿದನು. ಕುದಿಸಿ, ತೇಲಿಸಿ, ತಣಿಸಿ ತೆಗೆಯುವ ಕ್ರಮ ಹ್ಯಾಂಪ್‌ಷೈರಿನ ಗೃಹಿಣಿಯದೇ. ಇಲ್ಲಿ ಪಶುವಿನ ಸ್ಥಾನದಲ್ಲಿ ಮರ. ಆ ಮರ ಯೂರೋಪಿನ ಕಾರ್ಖಾನೆಗಳನ್ನು ತಣಿಸುವಷ್ಟು ಬೀಜವನ್ನು ಕೊಡಲಾರದೆ ನಮ್ಮ ಘಟ್ಟದ ತಪ್ಪಲಿನಲ್ಲಿಯೇ ಉಳಿದುದು ಮರದ ಪುಣ್ಯವೆಂದೇ ನಾನು ಭಾವಿಸುತ್ತೇನೆ.

ಮನೆಯಲ್ಲಿ ಬತ್ತಿ ಮಾಡುವ ಹಕ್ಕು ಇಂಗ್ಲೆಂಡಿನ ಗೃಹಿಣಿಗೆ 1831ರಲ್ಲಿ ಮರಳಿ ದೊರೆತಾಗ ಆ ಹಕ್ಕಿನ ಪ್ರಯೋಜನ ಕ್ಷೀಣಿಸುತ್ತಲಿದ್ದಿತು. ಕಾರ್ಖಾನೆಯ ಬತ್ತಿ ಅಗ್ಗವಾಯಿತು, 1850ರ ಅನಂತರ ಪ್ಯಾರಫಿನ್ ಬಂದಿತು, ಅದರ ಹಿಂದೆಯೇ ಸೀಮೆಎಣ್ಣೆಯ ದೀಪ. ಮೈಕೇಲ್ ಫ್ಯಾರಡೆ 1860ರ ಕ್ರಿಸ್ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬಾಲಕರಿಗೆ ಬತ್ತಿಯ ರಸಾಯನಶಾಸ್ತ್ರವನ್ನು ಬೋಧಿಸಿದಾಗ, ಅದ್ದಿ ಮಾಡಿದ ಹಳೆಯ ಬತ್ತಿಗಳನ್ನೂ ಮೇಜಿನ ಮೇಲಿಟ್ಟು ತೋರಿಸಿದನು. ಅವುಗಳಲ್ಲೊಂದು 1782ರಲ್ಲಿ ಮುಳುಗಿದ ರಾಯಲ್ ಜಾರ್ಜ್ ಎಂಬ ಯುದ್ಧನೌಕೆಯಿಂದ ಐವತ್ತೇಳು ವರ್ಷಗಳ ಮೇಲೆ ಎತ್ತಿದುದು; ಉಪ್ಪುನೀರಿನಲ್ಲಿ ಬಿರಿದು ಒಡೆದಿದ್ದರೂ ಹೊತ್ತಿಸಿದಾಗ ಕ್ರಮವಾಗಿ ಉರಿಯಿತು.

ಜೊಂಡಿನ ಬತ್ತಿ ಮಾತ್ರ ಮೂಲೆಯ ಹಳ್ಳಿಗಳಲ್ಲಿ ಇನ್ನೂ ಒಂದು ತಲೆಮಾರು ಉಳಿದಿದ್ದಿತು. ಉದ್ಯಾನಕಲೆಗೆ ಹೆಸರಾದ ಗರ್ಟ್ರೂಡ್ ಜೀಕಿಲ್ 1904ರಲ್ಲಿ ಪಶ್ಚಿಮ ಸರ್ರೆಯ ಹಳೆಯ ಬಾಳನ್ನು ಕುರಿತು ಪುಸ್ತಕ ಬರೆದಾಗ, ಈ ಬತ್ತಿಯನ್ನು ಕೈಯಾರೆ ಮಾಡಿ ಬಲ್ಲ ಅತಿವೃದ್ಧೆಯೊಬ್ಬಳನ್ನು ಹುಡುಕಿ, ಅವಳಿಂದ ಮಾಡಿಸಿ ನೋಡಿ, ಜಿಡ್ಡಿನ ಬಾಣಲೆಯನ್ನೂ ಕಬ್ಬಿಣದ ಚಿಮುಟವನ್ನೂ ಛಾಯಾಚಿತ್ರ ಸಮೇತ ದಾಖಲಿಸಿದಳು. ಕುರಿಯ ಕೊಬ್ಬೇ ಮೇಲು, ಅದು ಗಟ್ಟಿಯಾಗಿ ಒಣಗುತ್ತದೆ, ಅದ್ದಿದ ಬತ್ತಿಗಳನ್ನು ತೊಗಟೆಯ ಮೇಲೆ ಒಣಗಿಸಬೇಕು ಎಂದು ಆ ವೃದ್ಧೆ ಹೇಳಿಕೊಟ್ಟಳು. ವೈಟನ ಪತ್ರವನ್ನು ಅವಳು ಓದಿರಲಾರಳು. ನೂರಿಪ್ಪತ್ತೊಂಬತ್ತು ವರ್ಷಗಳ ಹಿಂದೆ ಅವನು ಸೆಲ್ಬೋರ್ನಿನಲ್ಲಿ ಬರೆದುಕೊಂಡ ಕ್ರಮಕ್ಕೂ ಅವಳ ಕ್ರಮಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.